ಆಟಕ್ಕೂ ಗಾನಕ್ಕೂ ಒಂದೇ ಹೆಡ್‌ಫೋನು

ಐದು ಸಾವಿರ ರೂಪಾಯಿಗೂ ಹದಿನೈದು ಸಾವಿರ ರೂಪಾಯಿಗೂ ನಡುವಣ ಬೆಲೆಯಲ್ಲಿ ಒಂದು ಒಳ್ಳೆಯ ಹೆಡ್‌ಫೋನನ್ನು ಕೊಳ್ಳಬೇಕೆಂದು ಹೊರಟವರಿಗೆ ಇಂದು ಎದುರಾಗುವ ಮೊದಲನೆಯ ಕಷ್ಟವು ಸರಕಿನ ಅಭಾವದ್ದಲ್ಲ, ಅದರ ಬಾಹುಳ್ಯದ್ದು. ಅಂಗಡಿಯ ಒಂದು ಸಾಲಿನಲ್ಲಿ ಬಣ್ಣಬಣ್ಣದ ದೀಪಗಳನ್ನು ಹೊತ್ತು, ಬಾಯಿಯ ಬಳಿಗೆ ಮೈಕನ್ನು ಚಾಚಿ, ‘ಗೇಮಿಂಗ್’ ಎಂಬ ಹಣೆಪಟ್ಟಿಯನ್ನು ಧರಿಸಿದ ಸಾಧನಗಳು. ಎದುರು ಸಾಲಿನಲ್ಲಿ ಆಡಂಬರವಿಲ್ಲದೆ, ಕಪ್ಪಗೆ, ‘ಸ್ಟುಡಿಯೊ’ ಎಂದೊ ‘ಮ್ಯೂಸಿಕ್’ ಎಂದೊ ಬರೆಯಿಸಿಕೊಂಡ ಸಾಧನಗಳು. ಕೊಳ್ಳಬಂದ ತರುಣನಾದರೊ ಸಾಯಂಕಾಲ ಗೆಳೆಯರೊಡನೆ ವ್ಯಾಲೊರಂಟ್ ಆಡುವವನೂ ಹೌದು, ರಾತ್ರಿ ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಕೇಳುವವನೂ ಹೌದು. ಎರಡು ಕೊಳ್ಳುವಷ್ಟು ಹಣವಿಲ್ಲ. ಒಂದನ್ನು ಕೊಂಡರೆ ಇನ್ನೊಂದಕ್ಕೆ ಅನ್ಯಾಯವಾದೀತೆಂಬ ಅಂಜಿಕೆ.

ಈ ಅಂಜಿಕೆಗೆ ಬಹುಮಟ್ಟಿಗೆ ಆಧಾರವಿಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಆಟವು ಕಿವಿಯಿಂದ ಅಪೇಕ್ಷಿಸುವುದೂ ಸಂಗೀತವು ಕಿವಿಯಿಂದ ಅಪೇಕ್ಷಿಸುವುದೂ ಮೂಲತಃ ಒಂದೇ: ಸೂಕ್ಷ್ಮವಾದ ಧ್ವನಿಯು ಸ್ಥೂಲವಾದ ಧ್ವನಿಯ ಅಡಿಯಲ್ಲಿ ಹೂತುಹೋಗದೆ, ತನ್ನ ಸ್ಥಾನದಲ್ಲಿ ತನ್ನ ಬಣ್ಣದಲ್ಲಿ ಕೇಳಿಸಬೇಕು. ಈ ಒಂದು ಗುಣವುಳ್ಳ ಹೆಡ್‌ಫೋನು ಎರಡು ಕಾರ್ಯಗಳಿಗೂ ಸಲ್ಲುತ್ತದೆ. ಈ ಗುಣವಿಲ್ಲದ್ದು, ಅದರ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಎರಡಕ್ಕೂ ಸಲ್ಲದು. ಮಿಕ್ಕ ವಿಚಾರಗಳು, ಎಂದರೆ ಮೈಕು, ಕೇಬಲ್ಲು, ನಿಸ್ತಂತು ಸಂಪರ್ಕ ಮುಂತಾದವು, ಅನುಕೂಲಕ್ಕೆ ಸಂಬಂಧಪಟ್ಟವು. ಅವುಗಳ ಏರ್ಪಾಟನ್ನು ಬೇರೆಯಾಗಿಯೂ ಮಾಡಿಕೊಳ್ಳಬಹುದು.

ಕಿವಿಯು ದಿಕ್ಕನ್ನು ಅರಿಯುವ ಬಗೆ

ಶಬ್ದವು ಯಾವ ಕಡೆಯಿಂದ ಬಂತೆಂಬುದನ್ನು ಕಣ್ಣುಮುಚ್ಚಿಕೊಂಡೂ ನಾವು ಹೇಗೆ ಬಲ್ಲೆವು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರು 1907ರಲ್ಲಿ ಕೊಟ್ಟ ಉತ್ತರವೇ ಇಂದಿಗೂ ಈ ಶಾಸ್ತ್ರದ ತಳಹದಿಯಾಗಿದೆ. ಬಲಗಡೆಯಿಂದ ಹೊರಟ ಶಬ್ದವು ಮೊದಲು ಬಲಗಿವಿಯನ್ನು ಮುಟ್ಟಿ, ಬಳಿಕ ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ಸೇರುತ್ತದೆ. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 343 ಮೀಟರು. ಆದ್ದರಿಂದ ಈ ವಿಳಂಬವು ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡು. ಮಂದ್ರಸ್ವರಗಳ ವಿಷಯದಲ್ಲಿ ಕಿವಿಯು ಈ ಕಾಲಭೇದವನ್ನೇ ಅಳೆದು ದಿಕ್ಕನ್ನು ನಿರ್ಣಯಿಸುತ್ತದೆ. ಸುಮಾರು 1,500 ಹರ್ಟ್ಸ್‌ಗಿಂತ ಮೇಲಿನ ಕಂಪನಗಳಿಗೆ ತಲೆಯೇ ಅಡ್ಡ ನಿಂತು ಆಚೆಯ ಕಿವಿಗೆ ಮರೆಯನ್ನು ಉಂಟುಮಾಡುವುದರಿಂದ, ಅಲ್ಲಿ ಎರಡು ಕಿವಿಗಳಿಗೆ ಮುಟ್ಟುವ ಗಟ್ಟಿತನದ ವ್ಯತ್ಯಾಸವು ದಿಕ್ಸೂಚಕವಾಗುತ್ತದೆ. ಮುಂದೆಯೊ ಹಿಂದೆಯೊ, ಮೇಲೆಯೊ ಕೆಳಗೆಯೊ ಎಂಬುದನ್ನು ತಿಳಿಸುವುದು ಹೊರಕಿವಿಯ ಮಡಿಕೆಗಳು; ಬೇರೆಬೇರೆ ಕೋನದಿಂದ ಬಂದ ಶಬ್ದದ ತಾರಸ್ವರಗಳನ್ನು ಅವು ಬೇರೆಬೇರೆ ರೀತಿಯಲ್ಲಿ ಮಾರ್ಪಡಿಸುತ್ತವೆ, ಆ ಮಾರ್ಪಾಟನ್ನು ಮಿದುಳು ಬಾಲ್ಯದಿಂದಲೇ ಓದಲು ಕಲಿತಿರುತ್ತದೆ.

ಆಟಗಾರನಿಗೆ ಬೇಕಾದದ್ದು ಈ ಜ್ಞಾನವೇ. ಕೌಂಟರ್-ಸ್ಟ್ರೈಕಿನಂಥ ಆಟದಲ್ಲಿ ಗೋಡೆಯ ಆಚೆ ಎಡಹಿಂಭಾಗದಲ್ಲಿ ಎದುರಾಳಿಯೊಬ್ಬನು ಮರದ ಮೆಟ್ಟಿಲನ್ನು ಏರುತ್ತಾನೆಂದು ಭಾವಿಸೋಣ. ಅವನ ಹೆಜ್ಜೆಯ ಸದ್ದನ್ನು ಎಡಕಿವಿಗೆ ಎಷ್ಟು ಮೊದಲು, ಎಷ್ಟು ಗಟ್ಟಿಯಾಗಿ ಮುಟ್ಟಿಸಬೇಕು, ಹೊರಕಿವಿಯು ಮಾಡತಕ್ಕ ಮಾರ್ಪಾಟನ್ನು ಹೇಗೆ ಅನುಕರಿಸಬೇಕು ಎಂಬ ಲೆಕ್ಕವನ್ನೆಲ್ಲ ಆಟದ ತಂತ್ರಾಂಶವೇ ಮಾಡುತ್ತದೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಯಂತ್ರದಲ್ಲಿ ಇದಕ್ಕೆಂದೇ ‘ಟೆಂಪೆಸ್ಟ್’ ಎಂಬ ಪ್ರತ್ಯೇಕ ವ್ಯವಸ್ಥೆಯುಂಟು. ಹೆಡ್‌ಫೋನಿನ ಕರ್ತವ್ಯವು ಆ ಲೆಕ್ಕವನ್ನು ಕೆಡಿಸದೆ ಕಿವಿಗೆ ಒಪ್ಪಿಸುವುದಷ್ಟೆ. ಎಡ ಬಲಗಳ ಡ್ರೈವರುಗಳು, ಎಂದರೆ ಧ್ವನಿಯನ್ನು ಹೊರಡಿಸುವ ಭಾಗಗಳು, ಒಂದನ್ನೊಂದು ಸರಿಯಾಗಿ ಹೋಲುತ್ತಿದ್ದರೆ, ತಾರಸ್ವರಗಳಲ್ಲಿ ದೊಡ್ಡ ಹಳ್ಳದಿಣ್ಣೆಗಳಿಲ್ಲದಿದ್ದರೆ, ಆ ಹೆಜ್ಜೆ ಮೆಟ್ಟಿಲ ಮೇಲೆಯೇ ಕೇಳಿಸುತ್ತದೆ.

ಆದ್ದರಿಂದ ಪೆಟ್ಟಿಗೆಗಳ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾದ ‘7.1 ಸರೌಂಡ್’ ಎಂಬ ಮಾತಿಗೆ ಹಣ ತೆರುವ ಅವಶ್ಯಕತೆ ಇಲ್ಲ. ಈ ಬೆಲೆಯ ಹೆಡ್‌ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದು ಕಿವಿಗೊಂದರಂತೆ ಎರಡೇ ಡ್ರೈವರುಗಳು. ಏಳು ದಿಕ್ಕುಗಳ ಭ್ರಮೆಯನ್ನು ಹುಟ್ಟಿಸುವುದು ತಂತ್ರಾಂಶ, ಮತ್ತು ಆ ತಂತ್ರಾಂಶವು ವಿಂಡೋಸಿನಲ್ಲಿಯೂ ಅನೇಕ ಆಟಗಳಲ್ಲಿಯೂ ಯಾವ ಹೆಡ್‌ಫೋನಿಗಾದರೂ ದೊರೆಯುತ್ತದೆ. ಆಟದೊಳಗಿನ ಏರ್ಪಾಟನ್ನೂ ಹೆಡ್‌ಫೋನಿನ ಏರ್ಪಾಟನ್ನೂ ಒಟ್ಟಿಗೆ ಚಾಲೂ ಮಾಡಿದರೆ ಒಂದೇ ಲೆಕ್ಕವನ್ನು ಎರಡು ಬಾರಿ ಮಾಡಿದಂತಾಗಿ ದಿಕ್ಕುಗಳು ಕಲಸಿಹೋಗುತ್ತವೆ. ಸಂಗೀತ ಕೇಳುವಾಗಲಂತೂ ಎರಡನ್ನೂ ಆರಿಸಿಬಿಡುವುದೇ ಒಳ್ಳಿತು.

ತಂಬೂರಿಯ ಪರೀಕ್ಷೆ

ಇನ್ನು ಸಂಗೀತದ ಮಾತು. ನಮ್ಮ ಸಂಗೀತದ ಧ್ವನಿಮುದ್ರಣಗಳಲ್ಲಿ ಹೆಡ್‌ಫೋನಿನ ಯೋಗ್ಯತೆಯನ್ನು ಅಳೆಯುವುದಕ್ಕೆ ತಂಬೂರಿಯಂಥ ಒರೆಗಲ್ಲು ಮತ್ತೊಂದಿಲ್ಲ. ತಂಬೂರಿಯ ಕುದುರೆಯ ಮೇಲ್ಭಾಗವು ಚೂಪಾಗಿರದೆ ಅಗಲವಾಗಿಯೂ ತುಸು ಬಾಗಿಯೂ ಇದ್ದು, ತಂತಿಯ ಕೆಳಗೆ ಇರಿಸಿದ ಸಣ್ಣ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಮಂಕಾಗಿದ್ದ ನಾದವು ಒಮ್ಮೆಗೇ ಜೀವದುಂಬಿ ಝೇಂಕರಿಸುತ್ತದೆ. ಈ ವಿಸ್ಮಯದ ಭೌತಕಾರಣವನ್ನು ಸರ್ ಸಿ. ವಿ. ರಾಮನ್ ಅವರು, ಬೆಂಗಳೂರಿಗೆ ಬರುವುದಕ್ಕೆ ಬಹಳ ಮುಂಚೆ, ಕಲ್ಕತ್ತೆಯಲ್ಲಿದ್ದಾಗಲೇ, 1921ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಿಚಾರಮಾಡಿದರು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಗಳು ಹುಟ್ಟಬಾರದೆಂದು ಹಳೆಯ ನಿಯಮವು ಹೇಳುತ್ತಿತ್ತೊ ಅವೂ ಕೂಡ ತಂಬೂರಿ ವೀಣೆಗಳಲ್ಲಿ ಪುಷ್ಕಳವಾಗಿ ಕೇಳಿಬರುತ್ತವೆಯೆಂಬುದನ್ನು ಅವರು ತೋರಿಸಿದರು. ಅದಕ್ಕೆ ಒಂದು ವರ್ಷ ಹಿಂದೆ, ಮೃದಂಗದ ಬಲಮುಖದ ಕರಣೆಯ ದೆಸೆಯಿಂದ ಚರ್ಮದ ಅಸ್ತವ್ಯಸ್ತವಾದ ಕಂಪನಗಳು ಹೇಗೆ ಸುಸ್ವರವಾದ ಉಪಸ್ವರಗಳ ಶ್ರೇಣಿಯಾಗಿ ಅಣಿಗೊಳ್ಳುತ್ತವೆಂಬುದನ್ನು ಅವರೂ ಅವರ ಸಹೋದ್ಯೋಗಿಯೂ ಕೂಡಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದರು.

ಇದರಿಂದ ನಮಗೆ ಆಗುವ ಪ್ರಯೋಜನವೇನೆಂದರೆ, ತಂಬೂರಿಯ ಮೂಲಸ್ವರವು ನೂರು ಇನ್ನೂರು ಹರ್ಟ್ಸ್‌ಗಳ ಆಸುಪಾಸಿನಲ್ಲಿದ್ದರೂ ಅದರ ಪ್ರಾಣವಿರುವುದು ಸಾವಿರಗಟ್ಟಲೆ ಹರ್ಟ್ಸ್‌ಗಳವರೆಗೆ ಹಬ್ಬಿದ ಉಪಸ್ವರಗಳಲ್ಲಿ. ಯಾವ ಹೆಡ್‌ಫೋನಿನಲ್ಲಿ 2,000ದಿಂದ 6,000 ಹರ್ಟ್ಸ್‌ವರೆಗಿನ ಪ್ರದೇಶವು ಕುಗ್ಗಿರುವುದೊ ಅದರಲ್ಲಿ ತಂಬೂರಿಯು ಬರಿಯ ಗುಂಯ್‌ಗುಡುವಿಕೆಯಾಗಿ, ಮೃದಂಗದ ಚಾಪು ಮೊಂಡಾಗಿ, ವೀಣೆಯ ಮೀಟು ಮೆತ್ತಗಾಗಿ ಕೇಳಿಸುತ್ತದೆ. ಅದೇ ಪ್ರದೇಶವು ಅತಿಯಾಗಿ ಉಬ್ಬಿದ್ದರೆ ಪಿಟೀಲಿನ ಕಮಾನು ಕೀರಿ, ಗಾಯಕನ ಸಕಾರ ಶಕಾರಗಳು ಕಿವಿಯನ್ನು ಇರಿಯುತ್ತವೆ. ಆಟದಲ್ಲಿ ಹೆಜ್ಜೆಯ ಸದ್ದಿನ ಚುರುಕು, ಬಂದೂಕಿಗೆ ಗುಂಡು ತುಂಬುವ ಕಟಕಟ, ಜೊತೆಗಾರನ ಮಾತಿನ ವ್ಯಂಜನಗಳು ಇವೆಲ್ಲ ಸ್ಪಷ್ಟವಾಗುವುದೂ ಬಹುಮಟ್ಟಿಗೆ ಈ ಪ್ರದೇಶದಿಂದಲೇ. ತಂಬೂರಿಯನ್ನು ಸತ್ಯವಾಗಿ ನುಡಿಸಬಲ್ಲ ಹೆಡ್‌ಫೋನು ಹೆಜ್ಜೆಯನ್ನೂ ಸತ್ಯವಾಗಿ ನುಡಿಸುತ್ತದೆಂದು ನಾನು ಹೇಳುವುದು ಈ ಕಾರಣದಿಂದ.

ಇಲ್ಲಿ ಒಂದು ಸೂಕ್ಷ್ಮವುಂಟು. ನಮ್ಮ ಕಿವಿಯ ನಾಳವು ಸುಮಾರು ಎರಡೂವರೆ ಸೆಂಟಿಮೀಟರು ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದು ಸ್ವಭಾವತಃ 3,000 ಹರ್ಟ್ಸ್‌ಗಳ ಸುಮಾರಿನ ಧ್ವನಿಗಳಿಗೆ ಅನುರಣಿಸಿ ಅವನ್ನು ಹೆಚ್ಚಿಸುತ್ತದೆ. ಎದುರಿಗೆ ಇಟ್ಟ ಸ್ಪೀಕರಿನಿಂದ ಬರುವ ಶಬ್ದವು ಹೊರಕಿವಿಯ, ಭುಜದ, ಕೋಣೆಯ ಸಂಸ್ಕಾರವನ್ನೆಲ್ಲ ಪಡೆದು ಒಳಕ್ಕೆ ಹೋಗುತ್ತದೆ. ಕಿವಿಗೇ ಅಂಟಿದ ಹೆಡ್‌ಫೋನಿನ ಶಬ್ದಕ್ಕೆ ಆ ಸಂಸ್ಕಾರ ಪೂರ್ತಿಯಾಗಿ ದೊರೆಯುವುದಿಲ್ಲವಾದ್ದರಿಂದ, ತಯಾರಕನು ಅದನ್ನು ತಾನೇ ಬೆರೆಸಿಕೊಡಬೇಕಾಗುತ್ತದೆ. ಎಷ್ಟು ಬೆರೆಸಬೇಕೆಂಬುದನ್ನು ಅಮೆರಿಕದ ಹಾರ್ಮನ್ ಸಂಸ್ಥೆಯ ಶಾನ್ ಆಲಿವ್, ಟಾಡ್ ವೆಲ್ಟಿ ಮೊದಲಾದ ಸಂಶೋಧಕರು ಕಳೆದ ದಶಕದಲ್ಲಿ ಕೇಳುಗರ ಮೇಲೆ ಪ್ರಯೋಗಗಳನ್ನು ನಡೆಸಿ ಗೊತ್ತುಮಾಡಿದರು: ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರುಗಳ ಧ್ವನಿಯನ್ನು ಹೋಲುವ ಹೆಡ್‌ಫೋನನ್ನೇ ಬಹುಮಂದಿ ಮೆಚ್ಚುತ್ತಾರೆ. ‘ಹಾರ್ಮನ್ ಗೆರೆ’ ಎಂದು ವಿಮರ್ಶಕರು ಉಲ್ಲೇಖಿಸುವ ನಕ್ಷೆಯು ಇದೇ. ಒಂದು ಹೆಡ್‌ಫೋನಿನ ಅಳತೆಯ ನಕ್ಷೆಯು ಈ ಗೆರೆಗೆ ಹತ್ತಿರವಾಗಿದ್ದರೆ ಅದು ಹೆಚ್ಚಿನವರಿಗೆ ಹಿತವಾದೀತೆಂದು ಊಹಿಸಬಹುದು. ಆದರೆ ಅದು ಆರಂಭದ ಸೂಚನೆಯೇ ಹೊರತು ಕೊನೆಯ ತೀರ್ಪಲ್ಲ.

ಮಂದ್ರದ ಮೋಹ

ಅಂಗಡಿಯಲ್ಲಿ ಮೊದಲ ಬಾರಿಗೆ ತಲೆಗೇರಿಸಿದ ಹೆಡ್‌ಫೋನು ನಮ್ಮನ್ನು ಮರುಳುಗೊಳಿಸುವುದು ಸಾಮಾನ್ಯವಾಗಿ ತನ್ನ ಮಂದ್ರದಿಂದ, ಜನರ ಮಾತಿನಲ್ಲಿ ಹೇಳುವುದಾದರೆ ಬೇಸಿನಿಂದ. ಸಿನಿಮಾ ಹಾಡಿನ ಡ್ರಮ್ಮು ಎದೆಗೆ ಬಡಿದಂತಾದಾಗ, ಆಟದ ಬಾಂಬು ಸಿಡಿದು ತಲೆ ನಡುಗಿದಂತಾದಾಗ, ಸಾಧನವು ಬಲಶಾಲಿಯೆಂಬ ಭಾವನೆ ಬರುವುದು ಸಹಜ. ಆದರೆ ಶ್ರವಣಶಾಸ್ತ್ರದಲ್ಲಿ ಚೆನ್ನಾಗಿ ಸ್ಥಾಪಿತವಾದ ಒಂದು ಸತ್ಯವಿದೆ: ಗಟ್ಟಿಯಾದ ಮಂದ್ರಧ್ವನಿಯು ತನಗಿಂತ ಮೇಲಿನ ಸ್ಥಾಯಿಯ ಧ್ವನಿಗಳನ್ನು ಮುಚ್ಚಿಹಾಕುತ್ತದೆ, ಮೇಲಿನ ಸ್ಥಾಯಿಯ ಧ್ವನಿಯು ಕೆಳಗಿನದನ್ನು ಅಷ್ಟಾಗಿ ಮುಚ್ಚಲಾರದು. ಮದುವೆಮನೆಯಲ್ಲಿ ಡೋಲು ಮೊಳಗುತ್ತಿರುವಾಗ ಪಕ್ಕದಲ್ಲಿ ಕುಳಿತ ಬಂಧುವಿನ ಮಾತು ತುಟಿಯ ಅಲುಗಾಟವಾಗಿಯಷ್ಟೆ ಉಳಿಯುವಂತೆ, ಉಬ್ಬಿಸಿದ ಬೇಸಿನ ಹೆಡ್‌ಫೋನಿನಲ್ಲಿ ಸ್ಫೋಟವೊಂದರ ಬೆನ್ನಿಗೆ ಬಂದ ಹೆಜ್ಜೆಯೂ, ಖರ್ಜದ ಬೆನ್ನಿಗೆ ಬಂದ ಗಮಕವೂ ಕಾಣೆಯಾಗುತ್ತವೆ. ಮಂದ್ರವು ಇರಬೇಕು, ಆಳವಾಗಿ ಬಿಗಿಯಾಗಿ ಇರಬೇಕು. ಮೃದಂಗದ ಎಡಮುಖದ ಗುಮ್ಕಿಯು ತೂಕವಿಲ್ಲದೆ ಕೇಳಿಸಿದರೆ ಅದೂ ಅಸತ್ಯವೇ. ಆದರೆ ಗುಮ್ಕಿ ಮುಗಿದೊಡನೆ ಮಂದ್ರವೂ ನಿಲ್ಲಬೇಕು. ಮುಂದಿನ ಸೊಲ್ಲಿನ ಮೇಲೆ ಅದರ ನೆರಳು ಬೀಳಕೂಡದು.

ತೆರೆದದ್ದೊ, ಮುಚ್ಚಿದ್ದೊ

ಕಿವಿಯನ್ನು ಪೂರ್ತಿ ಆವರಿಸುವ ಹೆಡ್‌ಫೋನುಗಳಲ್ಲಿ ಎರಡು ಜಾತಿಗಳುಂಟು. ಡ್ರೈವರಿನ ಹಿಂಬದಿಯನ್ನು ಗಟ್ಟಿಯಾದ ಚಿಪ್ಪಿನಿಂದ ಮುಚ್ಚಿದ್ದು ಮೊದಲನೆಯದು. ಜಾಲರಿಯಿಂದ ಗಾಳಿಗೆ ತೆರೆದದ್ದು ಎರಡನೆಯದು. ಜರ್ಮನಿಯ ಸೆನ್‌ಹೈಸರ್ ಕಂಪೆನಿಯು 1968ರಲ್ಲಿ ಹಳದಿ ಸ್ಪಂಜಿನ ಮೆತ್ತೆಗಳುಳ್ಳ ಎಚ್‌ಡಿ 414 ಎಂಬ ಹಗುರವಾದ ಹೆಡ್‌ಫೋನನ್ನು ಹೊರತಂದಾಗ ತೆರೆದ ಜಾತಿಯ ಯುಗವು ಆರಂಭವಾಯಿತು. ಹಿಂಬದಿಗೆ ಹೊರಟ ಶಬ್ದವು ಚಿಪ್ಪಿಗೆ ಬಡಿದು ಮರಳಿ ಬಾರದೆ ಹೊರಕ್ಕೆ ಹೋಗಿಬಿಡುವುದರಿಂದ, ತೆರೆದ ಹೆಡ್‌ಫೋನಿನಲ್ಲಿ ಧ್ವನಿಯು ತಲೆಯೊಳಗೆ ಇಡಿಕಿರಿದಂತಿರದೆ ಸ್ವಲ್ಪ ದೂರದಲ್ಲಿ ಹರಡಿದಂತೆ ತೋರುತ್ತದೆ. ವಾದ್ಯಗಳ ನಡುವಣ ಅವಕಾಶ, ಆಟದಲ್ಲಿ ಹತ್ತಿರದ ಮತ್ತು ದೂರದ ಸದ್ದುಗಳ ಅಂತರ ಎರಡೂ ಸುಲಭವಾಗಿ ಗೋಚರಿಸುತ್ತವೆ. ಗಾಳಿಯಾಡುವುದರಿಂದ ಕಿವಿ ಬೇಗನೆ ಬೆವರುವುದಿಲ್ಲವೆಂಬುದು ಮಂಗಳೂರು, ಕಲಬುರಗಿಗಳಂಥ ಊರುಗಳಲ್ಲಿ ಸಣ್ಣ ಲಾಭವಲ್ಲ.

ಆದರೆ ತೆರೆದ ಹೆಡ್‌ಫೋನು ಎರಡು ಕಡೆಗೂ ತೆರೆದಿರುತ್ತದೆ. ಮನೆಯ ಕುಕ್ಕರಿನ ಸೀಟಿ, ಮೇಲಿನ ಫ್ಯಾನಿನ ಸದ್ದು, ಬೀದಿಯ ಹಾರನ್ನುಗಳು ಒಳಕ್ಕೆ ಬರುತ್ತವೆ. ನಮ್ಮ ಆಟದ ಗುಂಡಿನ ಮೊರೆತವು ಪಕ್ಕದಲ್ಲಿ ಓದುತ್ತ ಕುಳಿತ ತಂಗಿಗೂ ಕೇಳಿಸುತ್ತದೆ. ಹೊರಗಿನ ಗದ್ದಲವನ್ನು ಮೀರುವುದಕ್ಕಾಗಿ ವಾಲ್ಯೂಮನ್ನು ಏರಿಸುವ ದುರಭ್ಯಾಸವೂ ಇದರಿಂದ ಬೆಳೆಯಬಹುದು. ಆದಕಾರಣ ಇಲ್ಲಿ ನಿರ್ಣಯವನ್ನು ಕೊಡತಕ್ಕದ್ದು ಕೊಳ್ಳುವವನ ಅಭಿರುಚಿಯಲ್ಲ, ಅವನು ಕೂರುವ ಕೋಣೆ. ಬಾಗಿಲು ಹಾಕಿಕೊಳ್ಳಬಹುದಾದ ಶಾಂತವಾದ ಕೋಣೆಯುಳ್ಳವನಿಗೆ ತೆರೆದದ್ದೇ ಶ್ರೇಷ್ಠ. ಹಾಸ್ಟೆಲಿನಲ್ಲಿ, ಪೀಜಿಯಲ್ಲಿ, ನಡುಮನೆಯಲ್ಲಿ ಕುಳಿತು ಕೇಳಬೇಕಾದವನಿಗೂ ಬಸ್ಸು ಮೆಟ್ರೊಗಳಲ್ಲಿ ಕೇಳುವವನಿಗೂ ಮುಚ್ಚಿದ್ದೇ ಸರಿ.

ತಂತಿ, ನಿಸ್ತಂತು ಮತ್ತು ಮೈಕು

ಬ್ಲೂಟೂತಿನ ಸೌಕರ್ಯವನ್ನು ಯಾರೂ ಅಲ್ಲಗಳೆಯಲಾರರು. ಸಂಗೀತವನ್ನು ಮಾತ್ರ ಕೇಳುವವರಿಗೆ ಅದು ಇಂದು ಸಾಕಷ್ಟು ಒಳ್ಳೆಯದೇ ಆಗಿದೆ. ಆದರೆ ಆಟವು ಜೊತೆಗೂಡಿದ ಕೂಡಲೆ ಅದರ ಎರಡು ಕೊರತೆಗಳು ಎದ್ದುಕಾಣುತ್ತವೆ. ಮೊದಲನೆಯದು ವಿಳಂಬ. ಧ್ವನಿಯನ್ನು ಸಂಕ್ಷೇಪಿಸಿ, ಕಳುಹಿಸಿ, ಕೂಡಿಸಿಟ್ಟುಕೊಂಡು, ಮತ್ತೆ ಬಿಡಿಸುವಷ್ಟರಲ್ಲಿ ಸಾಧಾರಣ ಬ್ಲೂಟೂತಿನಲ್ಲಿ 150ರಿಂದ 250 ಮಿಲಿಸೆಕೆಂಡುಗಳು ಕಳೆಯುವುದುಂಟು. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುವ ಆಟದಲ್ಲಿ 200 ಮಿಲಿಸೆಕೆಂಡೆಂದರೆ 12 ಚಿತ್ರಗಳ ಕಾಲ. ಬಿಜಿಎಂಐ ಆಡುವ ಹುಡುಗನಿಗೆ ಗುಂಡಿನ ಸದ್ದು ಕೇಳಿಸುವ ವೇಳೆಗೆ ಗುಂಡು ತಗುಲಿಯಾಗಿರುತ್ತದೆ. ಎರಡನೆಯದು, ಹಳೆಯ ಬಗೆಯ ಬ್ಲೂಟೂತಿನಲ್ಲಿ ಮೈಕನ್ನು ಉಪಯೋಗಿಸಲು ತೊಡಗಿದೊಡನೆ ಸಂಗೀತದ ಮಾರ್ಗವು ಮುಚ್ಚಿ ದೂರವಾಣಿಯ ಮಾರ್ಗವು ತೆರೆಯುತ್ತದೆ. ಎಡಬಲಗಳ ಭೇದವಳಿದು, ಧ್ವನಿಯೆಲ್ಲವೂ ಫೋನಿನ ಮಾತಿನಂತೆ ಕಿರಿದಾಗುತ್ತದೆ. ನಿಸ್ತಂತುವೇ ಬೇಕೆನ್ನುವವರು ಕಂಪ್ಯೂಟರಿಗೆ ಚುಚ್ಚುವ ತನ್ನದೇ ಆದ 2.4 ಗಿಗಾಹರ್ಟ್ಸ್ ಡಾಂಗಲ್ ಉಳ್ಳದ್ದನ್ನು ಆರಿಸಬೇಕು. ಅದರ ವಿಳಂಬವು ಕೆಲವೇ ಹತ್ತು ಮಿಲಿಸೆಕೆಂಡುಗಳಷ್ಟಿದ್ದು ಗಮನಕ್ಕೆ ಬರುವುದಿಲ್ಲ. ಪ್ಲೇಸ್ಟೇಷನ್ 5 ಯಂತ್ರವಂತೂ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನನ್ನು ಸ್ವೀಕರಿಸುವುದೇ ಇಲ್ಲ. ಅದರ ಕೈಯಂತ್ರದಲ್ಲಿ 3.5 ಮಿಲಿಮೀಟರಿನ ತೂತು ಇದೆಯಾಗಿ ತಂತಿಯ ಹೆಡ್‌ಫೋನು ನೇರವಾಗಿ ಕೂಡುತ್ತದೆ.

ಈ ಬೆಲೆಯಲ್ಲಿ ತಂತಿಯ ಹೆಡ್‌ಫೋನನ್ನೇ ನಾನು ಮೊದಲು ಸೂಚಿಸುವುದಕ್ಕೆ ಮತ್ತೊಂದು ಕಾರಣವೆಂದರೆ, ಬ್ಯಾಟರಿ, ರೇಡಿಯೊ, ಚಿಪ್ಪುಗಳಿಗೆ ಸಲ್ಲಬೇಕಾದ ಹಣವೂ ಧ್ವನಿಗೇ ಸಲ್ಲುತ್ತದೆ, ಮತ್ತು ಬ್ಯಾಟರಿ ಸತ್ತಿತೆಂದು ಸಾಧನವನ್ನೇ ಎಸೆಯುವ ಪ್ರಸಂಗ ಬರುವುದಿಲ್ಲ. ಮೈಕಿನ ಕೊರತೆಗೆ ಉಪಾಯಗಳು ಹಲವಿವೆ. ಮೇಜಿನ ಮೇಲೆ ನಿಲ್ಲಿಸುವ ಯುಎಸ್‌ಬಿ ಮೈಕು ಒಂದು. ಅಯಸ್ಕಾಂತದಿಂದ ಚಿಪ್ಪಿಗೆ ಅಂಟಿಕೊಳ್ಳುವ, ಬೇಕಿಲ್ಲದಾಗ ಕಿತ್ತಿಡಬಹುದಾದ ಮಾಡ್‌ಮೈಕಿನಂಥದ್ದು ಇನ್ನೊಂದು. ಕೆಲವು ಹೆಡ್‌ಫೋನುಗಳ ಕೇಬಲ್ಲನ್ನೇ ತೆಗೆದು ಮೈಕುಳ್ಳ ಕೇಬಲ್ಲನ್ನು ಹಾಕಿಕೊಳ್ಳುವುದು ಮೂರನೆಯದು. ಆಟದ ಹೆಡ್‌ಸೆಟ್ಟುಗಳಲ್ಲಿ ಒಳ್ಳೆಯವೇ ಇಲ್ಲವೆಂದು ಇದರ ಅರ್ಥವಲ್ಲ. ಬಹಳ ಹೆಸರಾದ ಹೈಪರ್‌ಎಕ್ಸ್ ಕ್ಲೌಡ್ ಹೆಡ್‌ಸೆಟ್ಟಿನ ಮೂಲರೂಪವು ಟಾಕ್‌ಸ್ಟಾರ್ ಪ್ರೊ 80 ಎಂಬ ಸ್ಟುಡಿಯೊ ಹೆಡ್‌ಫೋನು. ಆಟಗಾರರು ಅದನ್ನು ಮೆಚ್ಚಿದ್ದು ಅದರೊಳಗೆ ಒಳ್ಳೆಯ ಹೆಡ್‌ಫೋನೊಂದು ಇದ್ದುದರಿಂದಲೇ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ನಾನು ಕಾಣೆ.

ಓಮುಗಳ ಲೆಕ್ಕ

ಸ್ಟುಡಿಯೊ ಹೆಡ್‌ಫೋನುಗಳನ್ನು ಕೊಳ್ಳುವಾಗ ಇಂಪೀಡೆನ್ಸ್ ಎಂಬ ಒಂದು ಅಂಕಿಯನ್ನು ತಪ್ಪದೆ ನೋಡಬೇಕು. ಅದನ್ನು ಓಮುಗಳಲ್ಲಿ ಹೇಳುತ್ತಾರೆ. ಮೊಬೈಲಾಗಲಿ ಲ್ಯಾಪ್‌ಟಾಪಾಗಲಿ ಕೊಡಬಲ್ಲ ವೋಲ್ಟೇಜಿಗೆ ಮಿತಿಯಿದೆ. ಅದೇ ವೋಲ್ಟೇಜಿನಲ್ಲಿ, 32 ಓಮಿನ ಹೆಡ್‌ಫೋನಿಗೆ ದೊರೆಯುವ ವಿದ್ಯುಚ್ಛಕ್ತಿಯ ಸುಮಾರು ಎಂಟನೆಯ ಒಂದು ಪಾಲು ಮಾತ್ರ 250 ಓಮಿನ ಹೆಡ್‌ಫೋನಿಗೆ ದೊರೆಯುತ್ತದೆ. ಆದ್ದರಿಂದ ಹೆಚ್ಚು ಓಮಿನದನ್ನು ಕೊಂಡು ಫೋನಿಗೆ ಸಿಕ್ಕಿಸಿದವನಿಗೆ, ಅದರಲ್ಲಿಯೂ ಮೆಲುದನಿಯಲ್ಲಿ ಮುದ್ರಿತವಾದ ಹಳೆಯ ಕಚೇರಿಗಳನ್ನು ಕೇಳುವವನಿಗೆ, ವಾಲ್ಯೂಮು ಕೊನೆ ಮುಟ್ಟಿದರೂ ತೃಪ್ತಿಯಾಗದಿರಬಹುದು. ಪ್ರತ್ಯೇಕವಾದ ಆಂಪ್ಲಿಫೈಯರಿನ ಖರ್ಚು ಮೇಲೆ ಬೀಳುತ್ತದೆ. ಇಂಪೀಡೆನ್ಸಿನ ಜೊತೆಗೆ ಸೆನ್ಸಿಟಿವಿಟಿಯನ್ನೂ ನೋಡತಕ್ಕದ್ದು. ಅದು ಹೆಚ್ಚಿದ್ದರೆ ಕಡಮೆ ಶಕ್ತಿಯಲ್ಲಿಯೂ ಸಾಕಷ್ಟು ಧ್ವನಿ ಹೊರಡುತ್ತದೆ. ಮನೆಯಲ್ಲಿ ಮೊಬೈಲು ಲ್ಯಾಪ್‌ಟಾಪುಗಳನ್ನಲ್ಲದೆ ಬೇರೇನನ್ನೂ ಇಟ್ಟುಕೊಳ್ಳದವರು 80 ಓಮಿನೊಳಗಿನದನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ತೊಂದರೆಗೆ ಒಳಗಾಗುವುದಿಲ್ಲ. ಡ್ರೈವರಿನ ವ್ಯಾಸವು 40 ಮಿಲಿಮೀಟರೊ 50 ಮಿಲಿಮೀಟರೊ ಎಂಬ ಅಂಕಿಯಿಂದಾಗಲಿ, ‘20ರಿಂದ 20,000 ಹರ್ಟ್ಸ್’ ಎಂಬ ಬರಹದಿಂದಾಗಲಿ ಗುಣವು ನಿಶ್ಚಯವಾಗದು. ಎಷ್ಟು ಏರುಪೇರಿನೊಳಗೆ ಎಂಬುದನ್ನು ಹೇಳದಿದ್ದ ಮೇಲೆ ಆ ಎರಡನೆಯ ಬರಹಕ್ಕೆ ಅರ್ಥವೇ ಇಲ್ಲ.

ಬೆಲೆಯೂ ಮೈಹಿತವೂ

ಹೆಚ್ಚು ಬೆಲೆಯದು ಹೆಚ್ಚು ಚೆನ್ನಾಗಿ ಕೇಳಿಸೀತೆಂಬ ನಂಬಿಕೆಯನ್ನು ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 2017ರಲ್ಲಿ ಪರೀಕ್ಷೆಗೆ ಒಡ್ಡಿದರು. 283 ಹೆಡ್‌ಫೋನು ಇಯರ್‌ಫೋನುಗಳನ್ನು ಅಳೆದು ನೋಡಿದಾಗ, ಮಾರಾಟದ ಬೆಲೆಗೂ ಧ್ವನಿಯ ಸಮತೋಲನದ ನಕ್ಷೆಗೂ ಸಂಬಂಧವೇ ಕಾಣಬರಲಿಲ್ಲ. ಮಧ್ಯಮ ಬೆಲೆಯಲ್ಲಿ ಕೊಳ್ಳುವವರು ಇದರಿಂದ ಧೈರ್ಯವನ್ನು ತಂದುಕೊಳ್ಳಬಹುದು. ಬೆಲೆ ಏರಿದಂತೆ ಒದಗುವುದು ಅನೇಕವೇಳೆ ಲೋಹದ ಭಾಗಗಳು, ನಯವಾದ ಹೊದಿಕೆ, ಕಂಪೆನಿಯ ಹೆಸರು. ಅಲ್ಪಸ್ವಲ್ಪ ಏರುಪೇರನ್ನು ತಂತ್ರಾಂಶದಿಂದಲೂ ತಿದ್ದಬಹುದು. ವಿಂಡೋಸಿನಲ್ಲಿ ಈಕ್ವಲೈಜರ್ ಎಪಿಒ ಎಂಬ ಉಚಿತ ಸಾಧನವು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ತಂತ್ರಾಂಶದಿಂದ ತಿದ್ದಲಾಗದ್ದು ಮೈಹಿತ. ಒಂದು ಕೃತಿಯ ಕಾಲದಲ್ಲಿ ಕಾಣದ ಬಾಧೆಯು ಮೂರು ತಾಸಿನ ಆಟದಲ್ಲಿ ಕಾಣುತ್ತದೆ. ತೂಕವು 300 ಗ್ರಾಮಿನೊಳಗಿದ್ದರೆ ಕತ್ತಿಗೆ ಒಳ್ಳೆಯದು. ಮೆತ್ತೆಯ ಒಳಗಣ ಅವಕಾಶವು ಕಿವಿಯನ್ನು ಮುಟ್ಟದೆ ಸುತ್ತುವರಿಯುವಂತಿರಬೇಕು. ರೆಕ್ಸಿನ್ ಮೆತ್ತೆಯು ಹೊರಗದ್ದಲವನ್ನು ಹೆಚ್ಚು ತಡೆಯುತ್ತದೆ, ಆದರೆ ಸೆಕೆಯಲ್ಲಿ ಬೆವರಿಸುತ್ತದೆ, ಮತ್ತು ಕೆಲವು ವರ್ಷಗಳಲ್ಲಿ ಹಪ್ಪಳೆಯೆದ್ದು ಉದುರುತ್ತದೆ. ಮಖಮಲ್ಲಿನದು ತಂಪು, ಆದರೆ ಧೂಳನ್ನು ಹಿಡಿಯುತ್ತದೆ. ಯಾವುದಾದರೂ ಆಗಲಿ, ಮೆತ್ತೆಯನ್ನು ಬದಲಾಯಿಸಲು ಬರುವಂತಿರಬೇಕು, ಬದಲಿ ಮೆತ್ತೆಯು ಪೇಟೆಯಲ್ಲಿ ದೊರೆಯುವಂತಿರಬೇಕು. ಕನ್ನಡಕದವರು ಕನ್ನಡಕವನ್ನು ಧರಿಸಿಯೇ ಪರೀಕ್ಷಿಸಬೇಕು: ಅದರ ಕಡ್ಡಿಯು ಮೆತ್ತೆಯ ಬಿಗಿಯನ್ನು ಬಿಡಿಸಿ ಮಂದ್ರವನ್ನು ಸೋರಗೊಡುತ್ತದೆ, ಕಿವಿಯ ಹಿಂಬದಿಯನ್ನೂ ಒತ್ತುತ್ತದೆ.

ಕೆಲವು ಹೆಸರುಗಳು

ಉದಾಹರಣೆಗಳಿಲ್ಲದೆ ಉಪದೇಶವು ಪೂರ್ಣವಾಗದು. ಮುಚ್ಚಿದ ಜಾತಿಯಲ್ಲಿ, ಜಪಾನಿನ ಆಡಿಯೊ-ಟೆಕ್ನಿಕಾ ಕಂಪೆನಿಯ ಎಟಿಎಚ್-ಎಂ40ಎಕ್ಸ್ ಸಮತೋಲವಾದದ್ದು: 40 ಮಿಲಿಮೀಟರಿನ ಡ್ರೈವರು, 35 ಓಮು, ಸುಮಾರು 240 ಗ್ರಾಮು ತೂಕ, ಬದಲಿಸಬಹುದಾದ ಕೇಬಲ್ಲು. ಅದರ ಅಣ್ಣನಾದ ಎಂ50ಎಕ್ಸಿನಲ್ಲಿ ಮಂದ್ರವು ತುಸು ಹೆಚ್ಚು. ಸೋನಿಯ ಎಂಡಿಆರ್-7506 ಎಂಬುದು 1991ರಿಂದ ಇಂದಿನವರೆಗೆ ಸ್ಟುಡಿಯೊಗಳಲ್ಲಿ ಬಾಳಿಬಂದದ್ದು. ಮಾತಿನ ಒಂದೊಂದು ಅಕ್ಷರವನ್ನೂ ಬಿಡಿಸಿ ತೋರಿಸುತ್ತದೆ, ಆದರೆ ತಾರದಲ್ಲಿ ಸ್ವಲ್ಪ ಚುರುಕು, ಮತ್ತು ಅದರ ಸುರುಳಿಕೇಬಲ್ಲನ್ನು ಬಿಡಿಸಲು ಬಾರದು. ಜರ್ಮನಿಯ ಬೇಯರ್‌ಡೈನಾಮಿಕ್ ಕಂಪೆನಿಯ ಡಿಟಿ 770 ಪ್ರೊ ತನ್ನ ಮಖಮಲ್ಲಿನ ಮೆತ್ತೆಗಳಿಂದ ದೀರ್ಘಕಾಲದ ಆಟಕ್ಕೆ ಸುಖಕರ. ಹಲವು ಓಮುಗಳಲ್ಲಿ ದೊರೆಯುವುದರಿಂದ ಲ್ಯಾಪ್‌ಟಾಪಿನವರು 80 ಓಮಿನದನ್ನು ಕೇಳಿ ಪಡೆಯಬೇಕು. ತೆರೆದ ಜಾತಿಯಲ್ಲಿ ಸೆನ್‌ಹೈಸರಿನ ಎಚ್‌ಡಿ 560ಎಸ್ ನಮ್ಮ ಬೆಲೆಯ ಮೇಲಂಚಿನಲ್ಲಿ, ಕೆಲವೊಮ್ಮೆ ಅದರಾಚೆ ಇರುವಂಥದು. ಸ್ಥಾನನಿರ್ದೇಶನದಲ್ಲಿಯೂ ನಡುಸ್ವರಗಳ ಪ್ರಾಮಾಣಿಕತೆಯಲ್ಲಿಯೂ ಎರಡು ಕಾರ್ಯಗಳಿಗೆ ಇಷ್ಟು ಸಮನಾಗಿ ಒಗ್ಗುವವು ಕಡಮೆ. ಅದು 120 ಓಮಿನದಾದರೂ ಸೆನ್ಸಿಟಿವಿಟಿ ಒಳ್ಳೆಯದಿರುವುದರಿಂದ ಲ್ಯಾಪ್‌ಟಾಪಿನಿಂದಲೂ ನಡೆಯುತ್ತದೆ.

ಕೇಳಿ ನೋಡುವ ಕ್ರಮ

ಕೊಳ್ಳುವ ಮುನ್ನ, ಇಲ್ಲವೆ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಚಿರಪರಿಚಿತವಾದ ಮೂರು ಧ್ವನಿಗಳನ್ನು ಕೇಳಿ ನೋಡಬೇಕು. ಒಂದು, ತಂಬೂರಿಯು ಸ್ಪಷ್ಟವಾಗಿ ಕೇಳಿಬರುವ ಗಾಯನ. ಗಾಯಕನು ತಾರಷಡ್ಜದಲ್ಲಿ ನಿಂತಾಗಲೂ ತಂಬೂರಿಯು ಅಳಿಸಿಹೋಗದಿರಬೇಕು. ಎರಡು, ಹಲವು ವಾದ್ಯಗಳು ಎಡಬಲಗಳಲ್ಲಿ ಹಂಚಿಹೋದ ಸ್ಟೀರಿಯೊ ಮುದ್ರಣ. ಪಿಟೀಲು ವಿದ್ವಾಂಸ ಚೌಡಯ್ಯನವರ ಕಾಲದ ಹಳೆಯ ಮುದ್ರಣಗಳು ಬಹುಮಟ್ಟಿಗೆ ಮಾನೊ ಆಗಿದ್ದು, ನಾದವೆಲ್ಲವೂ ತಲೆಯ ನಡುವೆಯೇ ನಿಲ್ಲುವುದರಿಂದ, ಅವು ಬಣ್ಣವನ್ನು ಪರೀಕ್ಷಿಸಲು ತಕ್ಕವೇ ಹೊರತು ಸ್ಥಾನವನ್ನಲ್ಲ. ಮೂರು, ನಾವು ನಿತ್ಯವೂ ಆಡುವ ಆಟದ ಒಂದು ಪರಿಚಿತವಾದ ಸ್ಥಳ. ಕಣ್ಣುಮುಚ್ಚಿಕೊಂಡು ಸದ್ದಿನ ಕಡೆಗೆ ತಿರುಗಿ, ಕಣ್ಣುತೆರೆದಾಗ ಅದು ಎದುರಿಗೆ ಇರುವುದೊ ಎಂದು ನೋಡಿಕೊಳ್ಳಬೇಕು.

ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಎರಡರ ಗಟ್ಟಿತನವನ್ನೂ ಸರಿಸಮವಾಗಿ ಮಾಡಿಕೊಳ್ಳುವುದು ಅತ್ಯವಶ್ಯಕ. ಒಂದೆರಡು ಡೆಸಿಬೆಲ್ ಹೆಚ್ಚು ಗಟ್ಟಿಯಾದದ್ದು ಯಾವಾಗಲೂ ಹೆಚ್ಚು ಒಳ್ಳೆಯದೆಂದು ಕಿವಿಯನ್ನು ನಂಬಿಸಿಬಿಡುತ್ತದೆ. ಆಮೇಲೆ ವಾಲ್ಯೂಮನ್ನು ಏರಿಸುವುದಕ್ಕೆ ಬದಲಾಗಿ ಇಳಿಸುತ್ತ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳಿರುವ ಮಿತಿಯು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ತಾಸು. 90 ಡೆಸಿಬೆಲ್‌ಗೆ ಏರಿದರೆ ಅದೇ ಮಿತಿಯು 4 ತಾಸಿಗೆ ಇಳಿಯುತ್ತದೆ. ದಿನಕ್ಕೆ ಎರಡು ಮೂರು ತಾಸು ಆಡಿ ಒಂದು ತಾಸು ಹಾಡು ಕೇಳುವವನು ಯಾವ ಮಟ್ಟದಲ್ಲಿ ಕೇಳುತ್ತಾನೆಂಬುದು ಅವನ ಮುಂದಿನ ನಲವತ್ತು ವರ್ಷಗಳ ಶ್ರವಣವನ್ನು ನಿಶ್ಚಯಿಸುವ ಸಂಗತಿ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ವಿವರವನ್ನು ಮರೆಮಾಡುವ ಹೆಡ್‌ಫೋನು ಆ ವಿವರಕ್ಕಾಗಿ ನಮ್ಮಿಂದ ವಾಲ್ಯೂಮನ್ನು ಏರಿಸುತ್ತದೆ. ವಿವರವನ್ನು ಬಿಡಿಸಿ ಕೊಡುವ ಹೆಡ್‌ಫೋನು ಮೆಲ್ಲಗೆ ಕೇಳಿದರೂ ಸಾಕೆನ್ನಿಸುತ್ತದೆ. ಆದ್ದರಿಂದ ನಾನು ಕೊಡಬಲ್ಲ ಕೊನೆಯ ಅಳತೆಗೋಲು ಇದು: ಮನೆಯವರ ಮಾತಿಗಿಂತ ತುಸು ಮೆಲ್ಲಗೆ ಇರಿಸಿದಾಗಲೂ ಯಾವುದರಲ್ಲಿ ಗಮಕದ ಎಳೆಯೂ ಹೆಜ್ಜೆಯ ದಿಕ್ಕೂ ತಪ್ಪದೆ ತಿಳಿಯುವುದೊ, ಅದರ ಮೇಲಿನ ಹಣೆಪಟ್ಟಿಯನ್ನು ಓದುವ ಗೋಜಿಗೆ ಹೋಗದೆ ಅದನ್ನೇ ಕೊಳ್ಳಿರಿ.